ನೆಲಮಾಳಿಗೆಯಿಂದ ನಭಕ್ಕೆ

ವಿಮಾನವೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವುದು ಸರ್ಕಾರದ ಸೊತ್ತು, ಇಲ್ಲವೆ ದೊಡ್ಡ ಕಂಪೆನಿಯ ಸೊತ್ತು. ಟಿಕೆಟು ಕೊಂಡು ಅದರೊಳಗೆ ಕುಳಿತುಕೊಳ್ಳಬಹುದೇ ಹೊರತು, ಬೈಸಿಕಲ್ಲಿನಂತೆ ಅದನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಮಾತು ಎಲ್ಲಿಯದು? ಅದರಲ್ಲಿಯೂ ಅದನ್ನು ತನ್ನ ಕೈಯಿಂದಲೇ, ತನ್ನ ಮನೆಯಲ್ಲಿಯೇ ಕಟ್ಟಿ, ತಾನೇ ಅದರಲ್ಲಿ ಕುಳಿತು ಹಾರುವ ಮಾತು ಅಡುಗೂಲಜ್ಜಿಯ ಕಥೆಯಂತೆ ಕೇಳಿಸೀತು.

ಆದರೆ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ವಿನ್ನೆಬಾಗೊ ಎಂಬ ವಿಶಾಲವಾದ ಸರೋವರದ ದಂಡೆಯ ಮೇಲೆ ಆಷ್‌ಕಾಷ್ ಎಂಬ ಊರೊಂದುಂಟು. ಪ್ರತಿವರ್ಷ ಜುಲೈ ತಿಂಗಳ ಕೊನೆಯ ವಾರ ಬಂದಿತೆಂದರೆ ಈ ಸಾಧಾರಣವಾದ ಊರಿಗೆ ಜಾತ್ರೆಯ ಕಳೆ ಬರುತ್ತದೆ. ನಮ್ಮ ದನಗಳ ಜಾತ್ರೆಗೆ ರೈತರು ಎತ್ತುಗಳನ್ನು ಸಿಂಗರಿಸಿಕೊಂಡು ಬರುವಂತೆ, ಇಲ್ಲಿಗೆ ಜನರು ತಮ್ಮ ತಮ್ಮ ವಿಮಾನಗಳನ್ನು ತೊಳೆದು ಉಜ್ಜಿ ಹೊಳಪೇರಿಸಿಕೊಂಡು ಬರುತ್ತಾರೆ. ಆ ವಾರದಲ್ಲಿ ಆ ಪ್ರದೇಶಕ್ಕೆ ಬಂದಿಳಿಯುವ ವಿಮಾನಗಳ ಸಂಖ್ಯೆ ಹತ್ತು ಸಾವಿರದಷ್ಟು. ಇತ್ತೀಚಿನ ವರ್ಷಗಳಲ್ಲಿ ನೋಡಲು ನೆರೆದವರು ಆರು ಲಕ್ಷಕ್ಕೂ ಮಿಕ್ಕಿ. ರೆಕ್ಕೆಯ ನೆರಳಿನಲ್ಲಿಯೇ ಗುಡಾರ ಹಾಕಿ, ಅಲ್ಲಿಯೇ ಅಡುಗೆ ಮಾಡಿ ಉಂಡು ಮಲಗುವವರಿಗೆ ಲೆಕ್ಕವಿಲ್ಲ. ಆ ಏಳು ದಿನಗಳ ಮಟ್ಟಿಗೆ ಜಗತ್ತಿನಲ್ಲಿಯೇ ಅತ್ಯಂತ ಗಡಿಬಿಡಿಯ ವಿಮಾನ ನಿಯಂತ್ರಣ ಗೋಪುರವು ನ್ಯೂಯಾರ್ಕಿನದೂ ಅಲ್ಲ, ಲಂಡನ್ನಿನದೂ ಅಲ್ಲ, ಆಷ್‌ಕಾಷ್‌ನದು!

ಈ ಜಾತ್ರೆಯನ್ನು ನಡೆಸುವ ಸಂಘದ ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಪ್ರಯೋಗಾರ್ಥ ವಿಮಾನಗಳ ಸಂಘವೆಂದು ಕನ್ನಡಿಸಬಹುದು, ಇ.ಎ.ಎ. ಎಂದು ಮೂರೇ ಅಕ್ಷರಗಳಲ್ಲಿ ಹೇಳುವುದು ವಾಡಿಕೆ. ಎರಡು ಲಕ್ಷಕ್ಕೂ ಮಿಕ್ಕಿದ ಸದಸ್ಯರುಳ್ಳ ಈ ಸಂಘವನ್ನು ಕಟ್ಟಿದವರು, ನಡೆಸಿದವರು ಯಾರು, ಅವರು ಹಾರಲು ಕಲಿತದ್ದು ಹೇಗೆ ಎಂಬುದು ತಿಳಿಯತಕ್ಕ ಸಂಗತಿಯಾಗಿದೆ.

ಸಂಘದ ಮೊದಲ ನಂಬರಿನ ಸದಸ್ಯ ಪಾಲ್ ಪೊಬೆರೆಜ್ನಿ. ಜನ್ಮ 1921ರ ಸೆಪ್ಟೆಂಬರ್ 14ರಂದು, ಕ್ಯಾನ್ಸಸ್ ಸಂಸ್ಥಾನದ ಫೋರ್ಟ್ ಲೆವನ್‌ವರ್ತ್‌ನಲ್ಲಿ. ಬೆಳೆದದ್ದು ಮಿಲ್ವಾಕಿ ನಗರದ ಹೊರವಲಯದಲ್ಲಿ. ತಂದೆ ಪೂರ್ವ ಯೂರೋಪಿನಿಂದ ಬಂದು ನೆಲೆಸಿದ ವಲಸೆಗಾರ. ಮನೆಯಲ್ಲಿ ಬಡತನ, ದೇಶಕ್ಕೆ ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲ ಅದು. ಹುಡುಗನಿಗಾದರೋ ವಿಮಾನದ ಹುಚ್ಚು. ಪಾಠದ ಮೇಲೆ ಗಮನವಿಲ್ಲದ ಇಂಥ ವಿದ್ಯಾರ್ಥಿಯನ್ನು ಕಂಡರೆ ಮೇಷ್ಟರುಗಳು ಸಾಮಾನ್ಯವಾಗಿ ಮಾಡುವುದೇನೆಂಬುದು ವಾಚಕರಿಗೆ ತಿಳಿದ ವಿಷಯವೇ. ಆದರೆ ಪಾಲ್‌ನ ಹೈಸ್ಕೂಲಿನ ಉಪಾಧ್ಯಾಯರೊಬ್ಬರು ಬೇರೆ ದಾರಿ ಹಿಡಿದರು. ಹೋಮರ್ ಟ್ಯಾಂಗ್ನಿ ಎಂಬ ಆ ಪುಣ್ಯಾತ್ಮರ ಬಳಿ ಮುರಿದುಬಿದ್ದಿದ್ದ ವೇಕೊ ಕಂಪೆನಿಯ ಗ್ಲೈಡರೊಂದಿತ್ತು. 1936ರಲ್ಲಿ, ಹುಡುಗನಿಗೆ ಹದಿನೈದು ವರ್ಷವಾಗಿದ್ದಾಗ, ಅದನ್ನು ಅವನಿಗೆ ಕೊಟ್ಟು, ದುರಸ್ತಿಗೆ ಬೇಕಾದ ಹಣವನ್ನೂ ತಾವೇ ಕೊಟ್ಟರು.

ಗ್ಲೈಡರ್ ಎಂದರೆ ಎಂಜಿನ್ನಿಲ್ಲದ ವಿಮಾನ. ಇದಂತೂ ಕಲಿಯುವವರಿಗೆಂದು ಮಾಡಿದ ಅತಿ ಸರಳವಾದ ವಸ್ತು. ಮರದ ಅಟ್ಟಣೆ, ಅದಕ್ಕೊಂದು ಬಟ್ಟೆಯ ರೆಕ್ಕೆ, ಮುಂದುಗಡೆ ಮರೆಯೇ ಇಲ್ಲದೆ ಗಾಳಿಗೆ ಒಡ್ಡಿಕೊಂಡ ಒಂದು ಪೀಠ. ಮುರಿದ ಮರದ ಪಕ್ಕೆಲುಬುಗಳನ್ನು ಕೂಡಿಸಿ ಅಂಟಿಸಿ, ಬಟ್ಟೆ ಹೊದಿಸಿ, ಅದು ಬಿಗಿಯಾಗುವಂತೆ ಮೇಲೆ ಅರಗಿನಂಥ ದ್ರಾವಣವನ್ನು ಬಳಿಯುವ ಕೆಲಸವನ್ನೆಲ್ಲ ಹುಡುಗ ತಾನೇ ಮಾಡಿಕೊಂಡ. ಹಾರುವುದನ್ನು ಕಲಿಸುವವರು ಯಾರು? ಯಾರೂ ಇಲ್ಲ. ಗೆಳೆಯನೊಬ್ಬ ತನ್ನ ತಂದೆಯ ಕಾರಿಗೆ ಹಗ್ಗ ಕಟ್ಟಿ ಗ್ಲೈಡರನ್ನು ಎಳೆದ. ನೂರು ಅಡಿಗಳಷ್ಟು ಎತ್ತರಕ್ಕೆ ಏರಿದ ಮೇಲೆ ಪಾಲ್ ಹಗ್ಗವನ್ನು ಕಳಚಿಕೊಂಡು, ಗಾಳಿಯ ಮೇಲೆ ತೇಲುತ್ತ, ಮೆತ್ತಗೆ ನೆಲಕ್ಕಿಳಿದ. ಗುರುವಿಲ್ಲದೆ ವಿದ್ಯೆ ಬಾರದೆಂದು ಹೇಳುವವರು ಉಂಟು. ಇಲ್ಲಿ ಗುರು ಇದ್ದರು, ಆದರೆ ಅವರು ಕಲಿಸಿದ್ದು ವಿದ್ಯೆಯನ್ನಲ್ಲ, ಧೈರ್ಯವನ್ನು. ಮುಂದಿನ ವರ್ಷ, ಹದಿನಾರನೆಯ ವಯಸ್ಸಿನಲ್ಲಿಯೇ, ಪಾಲ್ ಪೋರ್ಟರ್‌ಫೀಲ್ಡ್ ಎಂಬ ವಿಮಾನದಲ್ಲಿ ಒಂಟಿಯಾಗಿ ಹಾರಿದ. ಅನಂತರ ಗೆಳೆಯನೊಡನೆ ಪಾಲುಗೂಡಿ ಅಮೆರಿಕನ್ ಈಗಲ್ ಎಂಬ ಜೋಡಿರೆಕ್ಕೆಯ ವಿಮಾನಕ್ಕೆ ಒಡೆಯನೂ ಆದ.

ಎರಡನೆಯ ಮಹಾಯುದ್ಧ ಬಂದಿತು. ಪಾಲ್ ಸೈನ್ಯದಲ್ಲಿ ಹಾರಾಟದ ಶಿಕ್ಷಕನಾದ. ಬಳಿಕ ಪರೀಕ್ಷಾ ಚಾಲಕನಾದ, ವಿಮಾನಗಳ ದುರಸ್ತಿಯ ಮೇಲ್ವಿಚಾರಕನಾದ. ಕೊರಿಯಾ ಯುದ್ಧದ ಕಾಲದಲ್ಲಿಯೂ ಸೇವೆಯಲ್ಲಿದ್ದ. ಅಮೆರಿಕದ ಸೈನ್ಯವು ತನ್ನ ವೈಮಾನಿಕರಿಗೆ ಎದೆಯ ಮೇಲೆ ಧರಿಸಲು ರೆಕ್ಕೆಯ ಲಾಂಛನವನ್ನು ಕೊಡುತ್ತದೆ. ಅಂಥ ಲಾಂಛನಗಳಲ್ಲಿ ಏಳು ಬಗೆ. ಗ್ಲೈಡರ್ ಚಾಲಕನಿಂದ ಮೊದಲ್ಗೊಂಡು ಕಮಾಂಡ್ ಪೈಲಟ್‌ನವರೆಗೆ ಆ ಏಳನ್ನೂ ಗಳಿಸಿದ ಕೀರ್ತಿ ಪೊಬೆರೆಜ್ನಿಗೆ ಸಲ್ಲುತ್ತದೆ. 1970ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾದ. ಜೀವಮಾನದಲ್ಲಿ ಆತ ಹಾರಿಸಿದ ವಿಮಾನಗಳ ಬಗೆಗಳೇ ಸುಮಾರು 500. ಆಕಾಶದಲ್ಲಿ ಕಳೆದದ್ದು 30,000 ಗಂಟೆಗಳಿಗೂ ಹೆಚ್ಚು. ಅಂದರೆ ಮೂರು ವರ್ಷಗಳಿಗಿಂತಲೂ ಹೆಚ್ಚು ಕಾಲ, ಹಗಲಿರುಳೂ ನೆಲ ಮುಟ್ಟದೆ ಇದ್ದಂತೆ.

ಇಷ್ಟೆಲ್ಲ ಇದ್ದೂ ಯುದ್ಧ ಮುಗಿದು ಮನೆಗೆ ಬಂದ ಮೇಲೆ ಸ್ವಂತಕ್ಕೊಂದು ವಿಮಾನ ಕೊಳ್ಳುವ ಶಕ್ತಿ ಆತನ ಸಂಬಳಕ್ಕೆ ಇರಲಿಲ್ಲ. ಕೊಳ್ಳಲಾರದವನು ಕಟ್ಟಿಯೇ ತೀರಬೇಕಷ್ಟೆ!

ಆದರೆ ಕಟ್ಟುವುದಕ್ಕೆ ಕಾನೂನು ಅವಕಾಶ ಕೊಡಬೇಕು. 1930ರ ದಶಕದಿಂದ ಅಮೆರಿಕದಲ್ಲಿ ನಿಯಮಗಳು ಬಿಗಿಯಾಗುತ್ತ ಬಂದು, ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಹಾರುವ ಅನುಮತಿ ದೊರೆಯುವುದೇ ದುಸ್ತರವಾಗಿದ್ದಿತು. ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಹವ್ಯಾಸಿಯೊಬ್ಬ ತನ್ನ ಕೊಟ್ಟಿಗೆಯಲ್ಲಿ ಬೆಸೆದ ಕೊಳವೆಗಳು ಆಕಾಶದಲ್ಲಿ ಬಿಚ್ಚಿಕೊಂಡರೆ ಅದರ ಕೆಳಗಿರುವವರ ಗತಿಯೇನು? ಇನ್ನೊಂದು ವಾದವೂ ಅಷ್ಟೇ ಬಲವಾದದ್ದು. ವಿಮಾನವನ್ನು ಕಂಡುಹಿಡಿದ ರೈಟ್ ಸೋದರರು ಬೈಸಿಕಲ್ ಅಂಗಡಿಯವರಲ್ಲದೆ ಮತ್ತಾರು? ಈ ವಾದವನ್ನು ಬಾಯಿಮಾತಿನಲ್ಲಿ ಹೇಳದೆ ಮಾಡಿ ತೋರಿಸಿದವನು ಜಾರ್ಜ್ ಬೊಗಾರ್ಡಸ್ ಎಂಬ ಆರೆಗಾನ್ ಪ್ರಾಂತದವನು. 1947ರಲ್ಲಿ ಆತ ಲಿಟ್ಲ್ ಜೀ ಬೀ ಎಂಬ ತನ್ನ ಪುಟ್ಟ ಕೈಗೆಲಸದ ವಿಮಾನದಲ್ಲಿ ಕುಳಿತು, ಪಶ್ಚಿಮ ತೀರದಿಂದ ಹೊರಟು, ಪರ್ವತ ಬಯಲುಗಳನ್ನೆಲ್ಲ ದಾಟಿ, ದೇಶದ ಆ ಕೊನೆಯಲ್ಲಿರುವ ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ಅಧಿಕಾರಿಗಳ ಮುಂದೆ ಇಳಿದ. ಅರ್ಜಿ ಬರೆದು ಅಂಚೆಗೆ ಹಾಕುವುದಕ್ಕಿಂತ ಇದು ಪರಿಣಾಮಕಾರಿ. ಮುಂದಿನ ವರ್ಷಗಳಲ್ಲಿ ಪ್ರಯೋಗಾರ್ಥ ಎಂಬ ವರ್ಗದಲ್ಲಿ ಹವ್ಯಾಸಿಗಳ ವಿಮಾನಗಳಿಗೆ ಕ್ರಮವಾದ ಅನುಮತಿ ದೊರೆಯಿತು. ಕೆಲಸದ ಹೆಚ್ಚಿನ ಭಾಗವನ್ನು ಕಟ್ಟುವವನೇ ತನ್ನ ಕಲಿಕೆಗಾಗಿ, ಸಂತೋಷಕ್ಕಾಗಿ ಮಾಡಿರತಕ್ಕದ್ದು ಎಂಬ ಷರತ್ತು ಇಂದಿಗೂ ಅಲ್ಲಿ ಜೀವಂತವಾಗಿದೆ. ಬೊಗಾರ್ಡಸನ ಆ ಪುಟ್ಟ ವಿಮಾನ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತಾಗಿದೆ.

ಬಾಗಿಲು ತೆರೆದುಕೊಂಡ ಈ ಹೊತ್ತಿಗೆ ಸರಿಯಾಗಿ, 1953ರ ಜನವರಿ 26ರಂದು, ಮಿಲ್ವಾಕಿಯ ಕರ್ಟಿಸ್ ರೈಟ್ ಮೈದಾನದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿ ಸಂಘವನ್ನು ಸ್ಥಾಪಿಸಿದರು. ಪೊಬೆರೆಜ್ನಿ ಅಧ್ಯಕ್ಷ. ಕಚೇರಿ ಯಾವುದೆಂದರೆ ಹೇಲ್ಸ್ ಕಾರ್ನರ್ಸ್‌ನಲ್ಲಿದ್ದ ಆತನ ಮನೆಯ ನೆಲಮಾಳಿಗೆ! ಪತ್ರಗಳಿಗೆ ಉತ್ತರ ಬರೆಯುವುದು, ಚಂದಾ ಲೆಕ್ಕ ಇಡುವುದು, ಪತ್ರಿಕೆಯ ಪ್ರತಿಗಳಿಗೆ ವಿಳಾಸ ಅಂಟಿಸುವುದು, ಎಲ್ಲವೂ ಆತನ ಪತ್ನಿ ಆಡ್ರಿಯ ಪಾಲಿಗೆ ಬಂದಿತು. ಇಂಥ ಸಂಸ್ಥೆಗಳ ಚರಿತ್ರೆಯಲ್ಲಿ ಗಂಡನ ಹೆಸರು ದೊಡ್ಡಕ್ಷರದಲ್ಲಿಯೂ ಹೆಂಡತಿಯ ಹೆಸರು ಅಡಿಟಿಪ್ಪಣಿಯಲ್ಲಿಯೂ ಬರುವುದು ಲೋಕರೂಢಿ. ಆದರೆ ಸಂಬಳವಿಲ್ಲದ ಆಕೆಯ ದುಡಿಮೆಯಿಲ್ಲದಿದ್ದರೆ ಆ ನೆಲಮಾಳಿಗೆಯ ಸಂಘ ಅಲ್ಲಿಯೇ ಹೂತುಹೋಗುತ್ತಿದ್ದಿತೆಂದು ಧಾರಾಳವಾಗಿ ಹೇಳಬಹುದು. ಮುಂದೆ ಪಾಲ್ ಕಟ್ಟಿದ ವಿಮಾನವೊಂದಕ್ಕೆ ಲಿಟ್ಲ್ ಆಡ್ರಿ ಎಂದು ಹೆಸರಿಟ್ಟ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಮೇಳಕ್ಕೆ ಬಂದ ವಿಮಾನಗಳು 21. ನೋಡಲು ಬಂದವರು ನೂರೈವತ್ತು ಜನ. ಇದು ಹೀಗೆಯೇ ಒಂದು ಊರಿನ ಗೆಳೆಯರ ಕೂಟವಾಗಿ ಉಳಿಯುತ್ತಿತ್ತೋ ಏನೋ. ಆದರೆ 1955ರಲ್ಲಿ ಪಾಲ್ ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್ ಎಂಬ ಜನಪ್ರಿಯ ಮಾಸಪತ್ರಿಕೆಗೆ ಲೇಖನಮಾಲೆಯೊಂದನ್ನು ಬರೆದ. ಬೇಬಿ ಏಸ್ ಎಂಬ ಹಳೆಯ ಒಂಟಿ ಆಸನದ ವಿಮಾನವನ್ನು ತಿದ್ದಿ ಸುಧಾರಿಸಿ, ಎಂಜಿನ್ನೂ ಸೇರಿದಂತೆ 800 ಡಾಲರಿಗೂ ಕಡಿಮೆ ಖರ್ಚಿನಲ್ಲಿ ಅದನ್ನು ಹೇಗೆ ಕಟ್ಟಬಹುದೆಂದು ಚಿತ್ರ ಸಹಿತ ತಿಳಿಸಿದ. ಉಕ್ಕಿನ ಕೊಳವೆಗಳನ್ನು ಬೆಸೆದು ಒಡಲು, ಮರದ ಪಕ್ಕೆಲುಬುಗಳಿಂದ ರೆಕ್ಕೆ, ಮೇಲೆ ಬಟ್ಟೆ. ಇಷ್ಟನ್ನು ಓದಿದ ದೇಶದ ಮೂಲೆಮೂಲೆಯ ಬಡಗಿ, ಕಮ್ಮಾರ, ಗುಮಾಸ್ತ, ಹಾಲಿನ ವ್ಯಾಪಾರಿಗಳೆಲ್ಲ ನೆಲಮಾಳಿಗೆಯ ವಿಳಾಸಕ್ಕೆ ಕಾಗದ ಬರೆಯತೊಡಗಿದರು. ಸಂಘಕ್ಕೆ ರೆಕ್ಕೆ ಬಂದದ್ದು ನಿಜವಾಗಿ ಆಗ.

ಇಂಥ ಬಟ್ಟೆಯ ವಿಮಾನ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲ ಬಾರಿ ಹಾರಿದ ಪುಷ್ಪಕ ವಿಮಾನವೂ ಇದೇ ಜಾತಿಯದು. ಅಮೆರಿಕದ ಏರಾಂಕ ಎಂಬ ಪುಟ್ಟ ವಿಮಾನವೇ ಅದಕ್ಕೆ ಮಾದರಿ. ಭಾರತದ ಹಾರಾಟದ ಸಂಘಗಳಲ್ಲಿ ಕಲಿತ ಎಷ್ಟೋ ಮಂದಿ ಮೊದಲು ನೆಲ ಬಿಟ್ಟದ್ದು ಪುಷ್ಪಕದಲ್ಲಿಯೇ. ಏರಾಂಕದ ಪ್ರಸ್ತಾಪ ಮುಂದೆ ಮತ್ತೊಮ್ಮೆ ಬರಲಿದೆ.

ಮೇಳವು 1959ರಲ್ಲಿ ಇಲಿನಾಯ್ ಸಂಸ್ಥಾನದ ರಾಕ್‌ಫರ್ಡ್‌ಗೆ ಹೋಯಿತು. ಅಲ್ಲಿಯೂ ಸ್ಥಳ ಸಾಲದಾಗಿ 1970ರಲ್ಲಿ ಆಷ್‌ಕಾಷ್‌ಗೆ ಬಂದು ನೆಲೆನಿಂತಿತು. ಆಷ್‌ಕಾಷ್ ಎಂದಮೇಲೆ ಸ್ಟೀವ್ ವಿಟ್‌ಮನ್‌ನ ಹೆಸರನ್ನು ಬಿಡುವಂತಿಲ್ಲ.

ವಿಟ್‌ಮನ್ 1904ರಲ್ಲಿ ಜನಿಸಿದವನು. ಶೈಶವದಲ್ಲಿಯೇ ಕಾಯಿಲೆಯಿಂದ ಒಂದು ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿಬಿಟ್ಟಿದ್ದಿತು. ಒಕ್ಕಣ್ಣನಿಗೆ ವಿಮಾನವೇ? ನೆಲ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯುವುದಕ್ಕೆ ಎರಡು ಕಣ್ಣುಗಳು ಬೇಕೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಈತ ಹಾರಲು ಕಲಿತದ್ದಲ್ಲದೆ, ಕಂಬದಿಂದ ಕಂಬಕ್ಕೆ ನೆಲಕ್ಕೆ ತೀರ ಸಮೀಪದಲ್ಲಿ ಸುತ್ತುವ ವಿಮಾನ ಪಂದ್ಯಗಳಲ್ಲಿ ಹೆಸರು ಮಾಡಿದ. ಚೀಫ್ ಆಷ್‌ಕಾಷ್, ಬೊಂಜೊ ಎಂಬ ತನ್ನ ಪಂದ್ಯದ ವಿಮಾನಗಳನ್ನು ತಾನೇ ಕಟ್ಟಿಕೊಂಡ. ನೆಲಕ್ಕಿಳಿಯುವಾಗ ಬೀಳುವ ಪೆಟ್ಟನ್ನು ತಾಳಿಕೊಳ್ಳಲು ಬಾಗುವ ಉಕ್ಕಿನ ಪಟ್ಟಿಯನ್ನೇ ವಿಮಾನದ ಕಾಲನ್ನಾಗಿ ಮಾಡಿದವನು ವಿಟ್‌ಮನ್. ಸೆಸ್ನಾ ಕಂಪೆನಿಯು ಆ ಹಕ್ಕನ್ನು ಪಡೆದು ತನ್ನ ವಿಮಾನಗಳಿಗೆ ಅಳವಡಿಸಿತು. 1931ರಿಂದ 1969ರವರೆಗೆ ಆತ ಆಷ್‌ಕಾಷ್ ವಿಮಾನ ನಿಲ್ದಾಣದ ವ್ಯವಸ್ಥಾಪಕ. ಇಂದು ಆ ನಿಲ್ದಾಣಕ್ಕೆ ಆತನ ಹೆಸರೇ ಇದೆ.

ಆತನ ಅಂತ್ಯವನ್ನು ಮುಚ್ಚಿಡುವುದು ಸರಿಯಲ್ಲ. 1995ರ ಏಪ್ರಿಲ್ 27ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಪತ್ನಿ ಪಾಲಾಳೊಡನೆ ಫ್ಲಾರಿಡಾದಿಂದ ಆಷ್‌ಕಾಷ್‌ಗೆ ತಾನೇ ಕಟ್ಟಿದ ವಿಮಾನದಲ್ಲಿ ಹೊರಟಿದ್ದ. ದಾರಿಯಲ್ಲಿ, ಅಲಬಾಮಾ ಸಂಸ್ಥಾನದ ಮೇಲೆ, ವಿಮಾನ ಆಕಾಶದಲ್ಲಿಯೇ ಒಡೆದು ಬಿದ್ದು ಇಬ್ಬರೂ ಮಡಿದರು. ತನಿಖೆಯವರು ಕಂಡುಕೊಂಡ ಕಾರಣ ಹೀಗಿದೆ. ರೆಕ್ಕೆಯ ಮರದ ತಗಡಿಗೆ ಹೊದಿಸಿದ ಬಟ್ಟೆ ಸರಿಯಾಗಿ ಅಂಟಿಕೊಂಡಿರಲಿಲ್ಲ. ಅದು ಹಿಂದಿನ ಅಂಚಿನಲ್ಲಿ ಬಿಟ್ಟುಕೊಂಡು ಗಾಳಿಗೆ ಎದ್ದಿತು. ರೆಕ್ಕೆಯ ತುದಿಯಲ್ಲಿ ಓರೆಯನ್ನು ಹಿಡಿತದಲ್ಲಿಡುವ ಪಟ್ಟಿಯೂ ರೆಕ್ಕೆಯೂ ಬಿರುಗಾಳಿಗೆ ಸಿಕ್ಕ ಧ್ವಜದಂತೆ ಪಟಪಟನೆ ಅದುರತೊಡಗಿದವು. ಈ ಅದುರಾಟ ಒಮ್ಮೆ ಆರಂಭವಾದರೆ ಕ್ಷಣಾರ್ಧದಲ್ಲಿ ಗಟ್ಟಿಯಾದ ರೆಕ್ಕೆಯನ್ನೂ ಮುರಿಯಬಲ್ಲುದು. ಎಪ್ಪತ್ತು ವರ್ಷಗಳ ಅನುಭವವುಳ್ಳ ಕೈ ಮಾಡಿದ ಕೆಲಸ ಅದು! ಬಟ್ಟೆಗೆ ತಕ್ಕ ಅಂಟು, ಅಂಟಿಗೆ ತಕ್ಕ ಬಟ್ಟೆ, ತಯಾರಕರು ಹೇಳಿದ ಕ್ರಮದಲ್ಲಿಯೇ; ಇದರಲ್ಲಿ ಹಿರಿಯರಿಗೂ ರಿಯಾಯಿತಿ ಇಲ್ಲ. ಸರ್ಕಾರದವರು 1930ರ ದಶಕದಲ್ಲಿ ಎತ್ತಿದ ಪ್ರಶ್ನೆ ಹೀಗೆ ಸಂಘದ ಹೊಸ್ತಿಲಿಗೇ ಬಂದು ನಿಂತಿತು. ಅಪಘಾತಗಳನ್ನು ತಗ್ಗಿಸಲು ಅನುಭವಸ್ಥ ಸದಸ್ಯರೇ ಕಟ್ಟುವವನ ಮನೆಗೆ ಹೋಗಿ, ಕೆಲಸವನ್ನು ಹಂತಹಂತವಾಗಿ ನೋಡಿ, ಪುಕ್ಕಟೆಯಾಗಿ ಸಲಹೆ ಕೊಡುವ ಪದ್ಧತಿಯೊಂದನ್ನು ಸಂಘ ಬೆಳೆಸಿಕೊಂಡಿದೆ.

ಪಾಲ್‌ನ ಮಗ ಟಾಮ್ ಪೊಬೆರೆಜ್ನಿ 1946ರಲ್ಲಿ ಹುಟ್ಟಿದವನು. ಸಂಘದ ಬಾಲ್ಯವೂ ಆತನ ಬಾಲ್ಯವೂ ಒಂದೇ ಮನೆಯಲ್ಲಿ ಕಳೆದುವು. ಓದಿದ್ದು ಎಂಜಿನಿಯರಿಂಗ್, ಒಲವು ಮಾತ್ರ ಆಕಾಶದ ಕಸರತ್ತಿನ ಕಡೆಗೆ. ವಿಮಾನವನ್ನು ತಲೆಕೆಳಗು ಮಾಡುವುದು, ಉರುಳಿಸುವುದು, ನೆಟ್ಟಗೆ ಮೇಲಕ್ಕೇರಿಸಿ ನಿಲ್ಲಿಸಿ ಸುತ್ತಿಸುತ್ತ ಬೀಳಿಸಿ ಮತ್ತೆ ಹಿಡಿದುಕೊಳ್ಳುವುದು, ಇವೆಲ್ಲ ಅಂಕಗಳ ಲೆಕ್ಕದಲ್ಲಿ ನಡೆಯುವ ಗಂಭೀರವಾದ ಕ್ರೀಡೆ. 1972ರಲ್ಲಿ ಫ್ರಾನ್ಸಿನ ಸಲೋನ್ ದ ಪ್ರೊವಾನ್ಸ್‌ನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಗೆದ್ದ ಅಮೆರಿಕದ ತಂಡದಲ್ಲಿ ಟಾಮ್ ಇದ್ದ. ಮರುವರ್ಷ ತನ್ನ ದೇಶದ ಚಾಂಪಿಯನ್ ಆದ. ಚಾರ್ಲಿ ಹಿಲ್ಲರ್ಡ್, ಜೀನ್ ಸೂಸಿ ಎಂಬ ಇಬ್ಬರು ಜೊತೆಗಾರರೊಡನೆ ಕೂಡಿ, ಮೂರು ಜೋಡಿರೆಕ್ಕೆಯ ವಿಮಾನಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಹಾರಿಸುತ್ತ ಇಪ್ಪತ್ತೈದು ವರ್ಷ ಪ್ರದರ್ಶನ ಕೊಟ್ಟ. ಈಗಲ್ಸ್ ಎಂಬ ಈ ತಂಡ 1995ರಲ್ಲಿ ನಿವೃತ್ತವಾಯಿತು. ವಿಧಿಯ ವಿಚಿತ್ರವನ್ನು ನೋಡಿರಿ. ಅಷ್ಟು ವರ್ಷ ಗಾಳಿಯಲ್ಲಿ ಪಲ್ಟಿ ಹೊಡೆದ ಹಿಲ್ಲರ್ಡ್, ಮರುವರ್ಷವೇ ಫ್ಲಾರಿಡಾದ ಮೇಳವೊಂದರಲ್ಲಿ ನೆಲಕ್ಕಿಳಿದ ಯುದ್ಧಕಾಲದ ವಿಮಾನ ಮಗುಚಿಕೊಂಡು ಪ್ರಾಣ ಬಿಟ್ಟ.

ಮೂವತ್ತಾರು ವರ್ಷ ಅಧ್ಯಕ್ಷನಾಗಿದ್ದ ತಂದೆ 1989ರಲ್ಲಿ ಮಗನಿಗೆ ಸ್ಥಾನ ಬಿಟ್ಟುಕೊಟ್ಟ. ವಂಶಪಾರಂಪರ್ಯವೆಂದು ಮೂಗು ಮುರಿಯುವವರಿಗೆ ಉತ್ತರವಾಗಿ ಟಾಮ್‌ನ ಕೆಲಸವೊಂದನ್ನು ತೋರಿಸಬಹುದು. 1992ರಲ್ಲಿ ಆತನ ಕಾಲದಲ್ಲಿ ಯಂಗ್ ಈಗಲ್ಸ್ ಎಂಬ ಯೋಜನೆ ಆರಂಭವಾಯಿತು. ಎಂಟರಿಂದ ಹದಿನೇಳು ವರ್ಷದೊಳಗಿನ ಮಕ್ಕಳನ್ನು ಸಂಘದ ಸದಸ್ಯರು ತಮ್ಮ ವಿಮಾನದಲ್ಲಿ, ತಮ್ಮ ಖರ್ಚಿನಲ್ಲಿ, ಒಂದು ಸಲ ಆಕಾಶಕ್ಕೆ ಕರೆದೊಯ್ಯತಕ್ಕದ್ದು. ರೈಟ್ ಸೋದರರ ಹಾರಾಟಕ್ಕೆ ನೂರು ವರ್ಷ ತುಂಬುವ 2003ರ ಡಿಸೆಂಬರ್ 17ರೊಳಗೆ ಹತ್ತು ಲಕ್ಷ ಮಕ್ಕಳನ್ನು ಹಾರಿಸಬೇಕೆಂಬುದು ಸಂಕಲ್ಪ. ಅದು ಈಡೇರಿತು, 2016ರಲ್ಲಿ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮುಟ್ಟಿತು. ಹಿಂದೊಮ್ಮೆ ಉಪಾಧ್ಯಾಯರೊಬ್ಬರು ಮುರಿದ ಗ್ಲೈಡರನ್ನು ಹುಡುಗನ ಕೈಗಿತ್ತ ಸಾಲವನ್ನು ಬಡ್ಡಿಸಹಿತ ತೀರಿಸಿದಂತಾಯಿತು.

ಈ ಯೋಜನೆಯ ಮುಂದಾಳುಗಳ ಪಟ್ಟಿಯೂ ಸ್ವಾರಸ್ಯವಾದದ್ದು. ಮೊದಲಿಗ ಚಲನಚಿತ್ರ ನಟ ಕ್ಲಿಫ್ ರಾಬರ್ಟ್‌ಸನ್, ಹಳೆಯ ವಿಮಾನಗಳ ಸಂಗ್ರಾಹಕ. ಬಳಿಕ 1947ರಲ್ಲಿ ಶಬ್ದದ ವೇಗವನ್ನು ಮೀರಿ ಹಾರಿದ ಚಕ್ ಯೇಗರ್. ಅನಂತರ ಐವತ್ತು ದಾಟಿದ ಮೇಲೆ ಹಾರಲು ಕಲಿತ ನಟ ಹ್ಯಾರಿಸನ್ ಫೋರ್ಡ್. 2009ರಲ್ಲಿ ಆ ಸ್ಥಾನಕ್ಕೆ ಬಂದವರು ಸಲ್ಲೆನ್‌ಬರ್ಗರ್ ಮತ್ತು ಸ್ಕೈಲ್ಸ್ ಎಂಬ ಜೋಡಿ. ಅದೇ ಜನವರಿ 15ರಂದು, ಹಕ್ಕಿಗಳ ಹಿಂಡು ಬಡಿದು ಎರಡು ಎಂಜಿನ್ನುಗಳೂ ನಿಂತುಹೋದ ಏರ್‌ಬಸ್ಸನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದವರು ಇವರೇ. ಎಂಜಿನ್ನಿಲ್ಲದ ಆ ಮಹಾವಿಮಾನ ಆ ಗಳಿಗೆಯಲ್ಲಿ ಒಂದು ಗ್ಲೈಡರ್ ಅಲ್ಲದೆ ಮತ್ತೇನು? ಸಲ್ಲೆನ್‌ಬರ್ಗರ್ ತಾರುಣ್ಯದಲ್ಲಿ ಗ್ಲೈಡರನ್ನೂ ಹಾರಿಸಿದ್ದವನು. ಹದಿನಾರರ ವಯಸ್ಸಿನಲ್ಲಿ ಟೆಕ್ಸಸ್ಸಿನ ಹಳ್ಳಿಯ ಹುಲ್ಲುಗಾವಲಿನಲ್ಲಿ ಆತ ಮೊದಲು ಕಲಿತದ್ದು ಏರಾಂಕ ವಿಮಾನದಲ್ಲಿ. ನಮ್ಮ ಪುಷ್ಪಕದ ದಾಯಾದಿ ಎನ್ನಬಹುದು.

ಟಾಮ್ 2011ರಲ್ಲಿ ನಿವೃತ್ತನಾದ ಮೇಲೆ ಸಂಘಕ್ಕೆ ಸ್ವಲ್ಪ ಕಾಲ ಗ್ರಹಚಾರ ಕಾಡಿತು. 2010ರಲ್ಲಿಯೇ ಅಧ್ಯಕ್ಷನಾಗಿ ಬಂದಿದ್ದ ರಾಡ್ ಹೈಟವರ್ ವ್ಯಾಪಾರ ಜಗತ್ತಿನವನು. ಮೇಳದಲ್ಲಿ ವಿಮಾನಗಳ ಸಾಲಿನ ಮುಂದೆಯೇ ಹಣವಂತ ಕಂಪೆನಿಗಳಿಗೆ ಬಿಡಾರಗಳನ್ನು ಕಟ್ಟಿಸಿದಾಗ ಹಳೆಯ ಸದಸ್ಯರು ಸಿಡಿದೆದ್ದರು. ಕೊಳವೆ ಬೆಸೆಯುವವರ ಮನೆಗೆ ಸಾಹುಕಾರರು ಬಂದು ಜಗಲಿಯನ್ನು ಹಿಡಿದರೆಂಬ ಅಸಮಾಧಾನ. ಹೈಟವರ್ 2012ರಲ್ಲಿ ರಾಜೀನಾಮೆ ಕೊಟ್ಟ. ತನ್ನ ಸಂಸಾರ ಸೇಂಟ್ ಲೂಯಿಯಲ್ಲಿಯೇ ಉಳಿಯುವುದೆಂಬುದು ಆತ ಕೊಟ್ಟ ಕಾರಣ. ಅವನ ಬಳಿಕ ಚುಕ್ಕಾಣಿ ಹಿಡಿದ ಜಾಕ್ ಪೆಲ್ಟನ್ ಎಂಜಿನಿಯರ್, 2003ರಿಂದ 2011ರವರೆಗೆ ಸೆಸ್ನಾ ಕಂಪೆನಿಯ ಮುಖ್ಯಸ್ಥನಾಗಿದ್ದವನು. ಒಕ್ಕಣ್ಣ ವಿಟ್‌ಮನ್‌ನಿಂದ ಉಕ್ಕಿನ ಕಾಲನ್ನು ಪಡೆದಿದ್ದ ಕಂಪೆನಿಯವನೇ ವಿಟ್‌ಮನ್‌ನ ಊರಿಗೆ ಬಂದು ಸಂಘವನ್ನು ನಡೆಸುವಂತಾಯಿತು. ಮೊದಲಿನವನಿಗಿಂತ ಈತ ಸದಸ್ಯರ ಮನಸ್ಸನ್ನು ಬೇಗ ಅರಿತನೆನ್ನಬೇಕು.

ಮುದಿ ಪಾಲ್ ಕೊನೆಯವರೆಗೂ ಮೇಳದ ಮೈದಾನದಲ್ಲಿ ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಕಾರೊಂದರಲ್ಲಿ ಸುತ್ತುತ್ತ, ನಿಂತು ನಿಂತು ಯಾರೋ ಅಪರಿಚಿತನ ವಿಮಾನದ ಬೆಸುಗೆಯನ್ನು ಪರೀಕ್ಷಿಸುತ್ತ ಇರುತ್ತಿದ್ದ. 2013ರ ಮೇಳ ಮುಗಿದು ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ 22ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಆಡ್ರಿ ತೀರಿಕೊಂಡದ್ದು 2020ರ ನವೆಂಬರಿನಲ್ಲಿ. ಮಹಾಮಾರಿಯ ಕಾರಣದಿಂದ ಆ ವರ್ಷ ಮೇಳವೇ ನಡೆಯಲಿಲ್ಲ. ಟಾಮ್‌ಗೆ ಆಗ ಎಪ್ಪತ್ತೈದರ ಸಮೀಪ. ಎರಡು ವರ್ಷಗಳ ಬಳಿಕ, 2022ರ ಜುಲೈ 25ರ ಸೋಮವಾರ, ಆಷ್‌ಕಾಷ್‌ನಲ್ಲಿ ಆ ವರ್ಷದ ಮೇಳ ಆರಂಭವಾದ ದಿನವೇ ಆತನೂ ಕಣ್ಮುಚ್ಚಿದ. ಹುಲ್ಲಿನ ಮೇಲೆ ವಿಮಾನಗಳು ಸಾಲುಗಟ್ಟಿ ನಿಂತಿದ್ದವು. ಮೇಳ ಏಳು ದಿನವೂ ನಡೆಯಿತು.